ರುದ್ರಯ್ಯನವರು ಮನೆಗೆ ಹೋದರು

ಅಪ್ಪಾಜಿ,

ಇವತ್ತು ನಮ್ಮ ಕೋವಿಡ್ ವಾರ್ಡಿನಿಂದ ರುದ್ರಯ್ಯ ಅನ್ನುವವರು ಮನೆಗೆ ಹೋದರು. ಚನ್ನರಾಯಪಟ್ಟಣದ ತೆಂಗಿನಕಾಯಿ ವ್ಯಾಪಾರಿ, ನಿಮ್ಮದೇ ವಯಸ್ಸು. ನರ್ಸಿಂಗ್ ಓದುತ್ತಿರುವ ನಮ್ಮನ್ನೂ ಹಾಸನದ ಈ ಆಸ್ಪತ್ರೆಯ ಡ್ಯೂಟಿಗೆ ಹಾಕಿದಾಗ ನನ್ನ ಪಾಲಿಗೆ ಮೊದಲು ಬಂದವರು ಅವರೇ. ಉಸಿರಿಗೆ ಒದ್ದಾಡುತ್ತಲೇ ಆಕ್ಸಿಜನ್ ಮಾಸ್ಕ್ ಕಿತ್ತು ಹಾಕುತ್ತಿದ್ದರು. ನಾನು ಗದರಿ ಮತ್ತೆ ಹಾಕುತ್ತಿದ್ದೆ, ಬೋರಲು ಮಲಗಿಸುತ್ತಿದ್ದೆ, ಚಮಚದಲ್ಲಿ ಗಂಜಿ ಕುಡಿಸುತ್ತಿದ್ದೆ. ಅರಕಲಗೂಡಿನ ಆಸ್ಪತ್ರೆಯಲ್ಲಿ ಇದೇ ಕಾಯಿಲೆಗೆ ನೀವು ಹೋಗಿಬಿಟ್ಟಿರಿ ಎಂದು ಚಿಕ್ಕಪ್ಪ ಫೋನ್ ಮಾಡಿದಾಗಲೂ ನಾನು ಅವರ ಪಕ್ಕದಲ್ಲೇ ಇದ್ದೆ.

ಅವರು ಹೊರಡುವಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ನನ್ನ ಕೈ ಏಳಲಿಲ್ಲ. ಇವರು ಯಾಕೆ ಉಳಿದರು ಅನ್ನಿಸಿಬಿಟ್ಟಿತು ಅಪ್ಪಾಜಿ. ನಾನೇ ನೋಡಿಕೊಂಡ ಜೀವದ ಮೇಲೆ ನನಗೆ ಹೊಟ್ಟೆಕಿಚ್ಚು.

ಅವರು ನನ್ನ ತಲೆ ಮೇಲೆ ಕೈಯಿಟ್ಟು, "ನೀನೇ ಕಣವ್ವ ನನ್ನ ಬದುಕ್ಸಿದ್ದು. ನಿಮ್ಮಪ್ಪ ಪುಣ್ಯ ಮಾಡವ್ರೆ. ಊರಿಗೋಗಿ ಒಂದ್ಸಲ ನೋಡ್ಕಂಡ್ ಬಾ" ಅಂದರು.

"ಹೂಂ, ಓಗ್ಬತ್ತೀನಿ" ಅಂದೆ.

ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ನನ್ನ ಜೊತೆ ಓದುವ ದಿವ್ಯಾ ಬಾಗಿಲು ಬಡಿದಳು. "ಬಾರೇ, ಆ ಬೆಡ್ಡಿಗೆ ಇನ್ನೊಬ್ರು ಬಂದವ್ರೆ. ಆಚೆ ಅವ್ರ ಮಗಳು ಅಳ್ತಾವ್ಳೆ."

ಮುಖ ತೊಳೆದು ಹೋದೆ. ಆ ಹುಡುಗಿ ಗಾಜಿನ ಬಾಗಿಲಾಚೆಯಿಂದ ಕೈಮುಗಿದು, "ಅಕ್ಕಾ, ನಮ್ಮಪ್ಪನ್ನ ಒಬ್ರನ್ನೇ ಬಿಡ್ಬೇಡಿ" ಅಂದಳು.

ನಿಮ್ಮ ವಾರ್ಡಿನ ಬಾಗಿಲಲ್ಲಿ ನಿಂತು ಹಾಗೆ ಕೇಳಿಕೊಳ್ಳಲು ಯಾರಾದರೂ ಇದ್ದರೇ ಅಪ್ಪಾಜಿ?

ನಿಮ್ಮ
ಶ್ರೀಗೌರಿ