ಆಂಬುಲೆನ್ಸಿನ ಬೆನ್ನು ಹಿಡಿದವನಿಗೆ ಬಂದ ಪ್ರಶಂಸಾಪತ್ರ

ಆಂಬುಲೆನ್ಸ್ ಸೇವೆಯ ಮಾನ್ಯ ವಿಭಾಗಾಧಿಕಾರಿಗಳೇ,

14 ಜೂನ್ 2025, ಶನಿವಾರ, ಬೆಳಿಗ್ಗೆ ಹನ್ನೊಂದು ಗಂಟೆ. ಮುರಬಾಡದಿಂದ ಕಲ್ಯಾಣಕ್ಕೆ ಹೆರಿಗೆ ನೋವಿನ ಹೆಂಗಸನ್ನು ಕರೆತರುತ್ತಿದ್ದ ನಿಮ್ಮ ಆಂಬುಲೆನ್ಸ್ ಚರಂಡಿಗೆ ಉರುಳಿತು. ತಾಯಿ, ಮಗು ಉಳಿದರು. ನರ್ಸಿನ ಕಾಲು ಮುರಿಯಿತು. ಅಜಾಗರೂಕತೆಯ ಹೆಸರಿನಲ್ಲಿ ಚಾಲಕ ಜೈಭೀಮರನ್ನು ಕೆಲಸದಿಂದ ತೆಗೆಯಲು ಹೊರಟಿದ್ದೀರಿ. ನೆರವಿಗೆ ಧಾವಿಸಿದ ನಾಗರಿಕನೆಂದು ನನಗೆ ಪ್ರಶಂಸಾಪತ್ರ ಕಳುಹಿಸಿದ್ದೀರಿ. ಎರಡೂ ತಪ್ಪು.

ಪತ್ರದೊಡನೆ ಬಂದ ವರದಿಯ ಪ್ರತಿಯನ್ನು ಎರಡು ಬಾರಿ ಓದಿದೆ. ಬಣ್ಣ ಕಾಣದ ಸ್ಪೀಡ್ ಬ್ರೇಕರ್ ಅದರಲ್ಲಿಲ್ಲ. ಸವೆದ ಟೈರುಗಳಿಲ್ಲ. ಜೈಭೀಮ ಹಿಂದಿನ ಸಂಜೆಯಿಂದ ಡ್ಯೂಟಿಯಲ್ಲಿದ್ದರೆಂಬುದೂ ಇಲ್ಲ. ರಸ್ತೆಯನ್ನು ಅಮಾನತು ಮಾಡಲಾಗದು, ಟೈರಿಗೆ ನೋಟಿಸು ಕೊಡಲಾಗದು. ಚಾಲಕನಿಗಾದರೆ ಎರಡೂ ಸಾಧ್ಯ, ಅಲ್ಲವೇ? ಆದರೆ ನಿಮ್ಮನ್ನು ಹಂಗಿಸುವ ಅರ್ಹತೆ ನನಗೆಲ್ಲಿದೆ? ಆ ವರದಿಯಲ್ಲಿ ನಾನು ಮಾಡಿದ್ದೂ ಇಲ್ಲ.

ಅಂದು ಮುರಬಾಡದಲ್ಲಿ ನೆಂಟರ ಹೊಟೇಲಿನ ಪೂಜೆ ಮುಗಿಸಿ ನಾನೂ ಹೆಂಡತಿ ಜ್ಯೋತ್ಸ್ನಾಳೂ ಕಲ್ಯಾಣದ ದಾರಿಯಾಗಿ ನೆರೂಳಿನ ಮನೆಗೆ ಮರಳುತ್ತಿದ್ದೆವು. ಮುಂದೆ ಲಾರಿಗಳ ಸಾಲು. ಸೈರನ್ ಕೇಳಿ ದಾರಿ ಬಿಟ್ಟೆ.

"ಬಿಟ್ಟದ್ದಾಯ್ತಲ್ಲ, ಇನ್ನು ಅದರ ಬೆನ್ನಿಗೇ ಹೋಗಿ ಮಾರಾಯ್ರೆ. ಇಲ್ಲದಿದ್ರೆ ಕಲ್ಯಾಣ ಮುಟ್ಟುವಾಗ ಸಂಜೆ ಆಗ್ತದೆ," ಎಂದಳು.

ಅವಳು ಹೇಳದಿದ್ದರೂ ಹೋಗುತ್ತಿದ್ದೆ. ಇಪ್ಪತ್ತು ವರ್ಷಗಳಿಂದ ಹಾಗೆಯೇ ಹೋಗುತ್ತಿದ್ದೇನೆ, ಜಾಣತನವೆಂದುಕೊಂಡು. ನಡುವೆ ಒಂದು ಕಾರಿನಷ್ಟೂ ಅಂತರವಿರಲಿಲ್ಲ. ಬ್ರೇಕರ್ ಕಂಡು ಜೈಭೀಮ ನಿಧಾನಿಸಿದರು. ನಾನು ಹಿಂದಿನಿಂದ ಗುದ್ದಿದೆ. ಒದ್ದೆ ರಸ್ತೆಯಲ್ಲಿ ಆಂಬುಲೆನ್ಸ್ ಅಡ್ಡ ತಿರುಗಿ ಕೆಳಗಿಳಿಯಿತು.

ಹೆಂಗಸನ್ನೂ ನರ್ಸನ್ನೂ ನನ್ನ ಕಾರಿನಲ್ಲಿ ಆಸ್ಪತ್ರೆಗೆ ಒಯ್ದದ್ದು ನಿಜ. ಹೊರಡುವಾಗ ಜೈಭೀಮ ಕಿಟಕಿಯ ಬಳಿ ಬಂದು, ನೆರೆದ ಜನರೆದುರು ಕೇಳಿದರು: "ಸಾಬ್, ಪೀಛೇ ಸೇ ಧಕ್ಕಾ ಲಗಾ ನಾ? ಆಪ್ ತೋ ಪೀಛೇ ಹೀ ಥೇ." ಹಿಂದಿನಿಂದ ಗುದ್ದು ಬಿತ್ತಲ್ಲವೇ, ನೀವು ಹಿಂದೆಯೇ ಇದ್ದಿರಲ್ಲ ಎಂದು.

"ಪತಾ ನಹೀ," ಗೊತ್ತಿಲ್ಲ ಎಂದೆ. ಸಂಜೆ ಪೊಲೀಸರಿಗೂ ಅದನ್ನೇ ಹೇಳಿದೆ. ಬಂಪರಿನ ತಗ್ಗನ್ನು ಯಾರೂ ನೋಡಲಿಲ್ಲ. ಉಪಕಾರ ಮಾಡಿದವನ ಕಾರನ್ನು ಯಾರು ನೋಡುತ್ತಾರೆ?

ಕಳೆದ ಭಾನುವಾರ ನಮ್ಮ ಕನ್ನಡ ಸಂಘದವರು ನನಗೆ ಶಾಲು ಹೊದಿಸಿದರು. "ಇಂಥವರು ಇದ್ದದ್ದಕ್ಕೆ ನಮ್ಮವರಿಗೆ ಇಲ್ಲಿ ಮರ್ಯಾದೆ ಉಂಟು," ಎಂದರು ಅಧ್ಯಕ್ಷ ಸರ್ವೋತ್ತಮರು. ನಾನು ತಲೆ ತಗ್ಗಿಸಿದೆ. ವಿನಯವೆಂದುಕೊಂಡು ಸಭೆ ಇನ್ನೊಮ್ಮೆ ಚಪ್ಪಾಳೆ ತಟ್ಟಿತು. ಅದಕ್ಕೇ ಇದನ್ನು ಮೊದಲು ಅವರು ಓದುವ ಪತ್ರಿಕೆಗೆ, ಕನ್ನಡದಲ್ಲಿ ಬರೆಯುತ್ತಿದ್ದೇನೆ.

ವಿಚಾರಣೆಯನ್ನು ಮತ್ತೆ ತೆರೆಯಿರಿ, ಜೈಭೀಮರನ್ನು ಉಳಿಸಿಕೊಳ್ಳಿ. ಹಳ್ಳಿ ರಸ್ತೆಯ ಬ್ರೇಕರುಗಳಿಗೆ ಬಣ್ಣ ಬಳಿಸಿ, ಗಾಡಿಗಳಿಗೆ ಟೈರು ಹಾಕಿಸಿ, ಚಾಲಕರಿಗೆ ನಿದ್ದೆ ಕೊಡಿ. ಆಂಬುಲೆನ್ಸಿನ ಬೆನ್ನು ಹತ್ತುವವರ ಮೇಲೆ ಕೇಸು ಹಾಕಿಸಿ. ಮೊದಲನೆಯದು ನನ್ನ ಮೇಲಿರಲಿ.

ಮರಾಠಿಯಲ್ಲಿ ಬರೆದ ನನ್ನ ಹೇಳಿಕೆ ಮೇಜಿನ ಮೇಲಿದೆ. ಸೋಮವಾರ ಅದನ್ನು ಠಾಣೆಗೆ ಒಯ್ಯುವುದೆಂದು ತೀರ್ಮಾನಿಸಿದ್ದೇನೆ. ಇಂದು ಶುಕ್ರವಾರ; ಮನಸ್ಸು ಬದಲಿಸಲು ಇನ್ನೂ ಎರಡು ದಿನಗಳಿವೆ.

ಇಂತಿ,
ನಿಮ್ಮ ಪ್ರಶಂಸೆಯನ್ನು ಹಿಂದಿರುಗಿಸುತ್ತಿರುವ
ಲೋಕನಾಥ, ನೆರೂಳ