ನನ್ನ ಹೆಸರಿನ ಮೇಣದಬತ್ತಿ

ರೊವೀನಾ,

'ಪ್ರೀತಿಯ' ಎಂದು ಬರೆಯಲು ಹೋಗಿ ಕೈ ತಡೆಯಿತು. ಸತ್ತವಳಿಂದ ಕಾಗದ ಬಂತೆಂದು ಹೆದರಬೇಡ. ನಾನು ಬದುಕಿದ್ದೇನೆ. ದುಮಗೆತೆಯಲ್ಲಿ ಬ್ರೆಡ್ ಅಂಗಡಿ ಇಟ್ಟುಕೊಂಡಿದ್ದೇನೆ, ತಕ್ಕಮಟ್ಟಿಗೆ ದಪ್ಪಗೂ ಆಗಿದ್ದೇನೆ.

ಹೋದ ವಾರ ಅಂಗಡಿಗೆ ನೆನಿತಾ ಬಂದಿದ್ದಳು, ಹಾಸ್ಟೆಲಿನಲ್ಲಿ ನಮ್ಮ ಎದುರು ಮಂಚದವಳು. ನನ್ನ ಮುಖ ನೋಡಿದ್ದೇ ಕೈಯಲ್ಲಿದ್ದ ಪೊಟ್ಟಣ ಬೀಳಿಸಿ ಶಿಲುಬೆ ಗುರುತು ಹಾಕಿಕೊಂಡಳು. "ಅಯ್ಯೋ ಏಸಪ್ಪಾ! ಕ್ರಿಸಾಂತಾ, ನೀನು ಸತ್ತಿಲ್ವೇನೇ?" ಎಂದಳು. "ಸತ್ತಿದ್ರೆ ಈ ಒಲೆ ಮುಂದೆ ಯಾಕೆ ಬೇಯ್ತಿದ್ದೆ? ಬಾ, ಕೂತ್ಕೋ" ಎಂದೆ. ಕಾಫಿ ಕುಡಿಸಿದ ಮೇಲೆ ಎಲ್ಲ ಹೊರಬಿತ್ತು. ಯಾವುದೋ ವರ್ಷ ಹಡಗೊಂದು ಮುಳುಗಿತಂತೆ. ಸತ್ತವರಲ್ಲಿ ನನ್ನ ಹೆಸರಿನವಳೊಬ್ಬಳು ಇದ್ದಳಂತೆ. ನಿಮಗೆ ಅಷ್ಟೇ ಸಾಕಾಯಿತು. ಅಂದಿನಿಂದ ಪ್ರತಿ ವರ್ಷ ಚರ್ಚಿನಲ್ಲಿ ನಡೆಯುವ ಹಳೆಯ ವಿದ್ಯಾರ್ಥಿನಿಯರ ಬಲಿಪೂಜೆಯಲ್ಲಿ ತೀರಿಕೊಂಡ ಗೆಳತಿಯರ ಹೆಸರು ಓದುವಾಗ ನನ್ನದನ್ನೂ ಓದುತ್ತೀರಿ. ಓದಿ ಮೇಣದಬತ್ತಿ ಹಚ್ಚುವವಳು ನೀನು. "ರೊವೀನಾ ಎಷ್ಟು ಅಳ್ತಾಳೆ ಗೊತ್ತಾ? ಕಣ್ಣಿಗೆ ಹಚ್ಚಿದ ಕಪ್ಪೆಲ್ಲಾ ಕೆನ್ನೆಗೆ ಬಂದಿರುತ್ತೆ ಕಣೇ!" ಎಂದಳು ನೆನಿತಾ.

ಅವಳ ಮುಂದೆ ನಕ್ಕುಬಿಟ್ಟೆ. ಅವಳು ಹೋದ ಮೇಲೆ ಹಿಟ್ಟು ನಾದುತ್ತಾ ಮೈಯೆಲ್ಲ ಉರಿಯಿತು. ನೀವೆಲ್ಲ ಇರುವ ಸೆಬುವಿನಿಂದ ಇಲ್ಲಿಗೆ ಹಡಗು ಹತ್ತಿದರೆ ಅರ್ಧ ದಿನ. ನಿಜವೋ ಸುಳ್ಳೋ ಎಂದು ಒಬ್ಬಳಾದರೂ ವಿಚಾರಿಸಿದ್ದೀರಾ? ಸತ್ತವಳಿಗಾಗಿ ಅಳುವುದು ನಿನಗೆ ಅನುಕೂಲವಾಗಿತ್ತು, ಏಕೆಂದರೆ ಸತ್ತವಳು ತಿರುಗಿ ಏನನ್ನೂ ಕೇಳುವುದಿಲ್ಲ.

ನಿನ್ನ ಪಕ್ಕದ ಮಂಚದವಳು ನಾನು. ಒಂದೇ ಸೊಳ್ಳೆಪರದೆಯೊಳಗೆ ನುಸುಳಿಕೊಂಡು, ಸಿಸ್ಟರ್ ದೀಪ ಹಿಡಿದು ಬಂದಾಗ ಬಾಯಲ್ಲಿ ಒಣಮಾವು ಇಟ್ಟುಕೊಂಡೇ ಗೊರಕೆ ಹೊಡೆದಿದ್ದೇವೆ. ನನಗೆ ನೆಟ್ಟಗೆ ಬರುವುದಿಲ್ಲವೆಂದು ನನ್ನ ಲಂಗದ ನೆರಿಗೆಗಳಿಗೆ ನೀನೇ ಇಸ್ತ್ರಿ ಹಾಕುತ್ತಿದ್ದೆ. ಕೊನೆಯ ವರ್ಷ ಬೆಳಗಿನ ಪ್ರಾರ್ಥನೆ ತಪ್ಪಿಸಿ ಬಚ್ಚಲಲ್ಲಿ ವಾಂತಿ ಮಾಡುತ್ತಿದ್ದಾಗ ನನ್ನ ಕೂದಲು ಎತ್ತಿ ಹಿಡಿದವಳೂ ನೀನೇ. "ಮಾತೆ ಮರಿಯಮ್ಮನ ಆಣೆ, ಯಾರಿಗೂ ಹೇಳಲ್ಲ" ಎಂದೆ. ಅದೇ ವಾರ ನೀನೇ ಮದರ್ ಸುಪೀರಿಯರ್ ಕೋಣೆಗೆ ಹೋಗಿ ಎಲ್ಲ ಹೇಳಿಬಂದೆ. "ನಿನ್ನ ಒಳ್ಳೇದಕ್ಕೇ ಹೇಳ್ದೆ ಕಣೇ" ಎಂದು ಆಮೇಲೆ ನನಗೇ ಸಮಜಾಯಿಷಿ ಕೊಟ್ಟೆ. ನನ್ನನ್ನು ಹೊರಹಾಕಿದ ದಿನ ಪೆಟ್ಟಿಗೆ ಹೊತ್ತು ಗೇಟು ದಾಟುವಾಗ ತಿರುಗಿ ನೋಡಿದೆ. ಎಲ್ಲರೂ ಕಿಟಕಿಯಲ್ಲಿದ್ದರು, ನೀನಿರಲಿಲ್ಲ. ಆ ವರ್ಷ ಸನ್ನಡತೆಯ ಪದಕ ನಿನಗೇ ಬಂತೆಂದು ಆಮೇಲೆ ತಿಳಿಯಿತು. ಆ ಪದಕ ಈಗಲೂ ನನ್ನ ಹೊಟ್ಟೆಯಲ್ಲಿ ಚುಚ್ಚುತ್ತದೆ.

ಮಗು ಏನಾಯಿತೆಂದು ನೀನು ಕೇಳಲಿಲ್ಲ. ಹೇಳುತ್ತೇನೆ. ಗಂಡು. ದಿನ ತುಂಬುವ ಮೊದಲೇ ಹುಟ್ಟಿ, ಬೆಳಗಿನಿಂದ ಮಧ್ಯಾಹ್ನದವರೆಗೆ ಬದುಕಿದ್ದ. ನನ್ನ ಸೋದರತ್ತೆ ಲಿಯೊನ್ಸಿಯಾ ಕುಡಿಯುವ ಲೋಟದ ನೀರನ್ನೇ ಅವನ ತಲೆಗೆ ಹಾಕಿ ಜ್ಞಾನಸ್ನಾನ ಮಾಡಿಸಿ, ಅನ್ಸೆಲ್ಮೊ ಎಂದು ಹೆಸರಿಟ್ಟಳು. ಅವನಿಗಾಗಿ ಒಂದು ಪೂಜೆ ಮಾಡಿ ಎಂದು ಕೇಳಲು ಹೋದರೆ ನಮ್ಮೂರ ಪಾದ್ರಿ, "ಮೊದಲು ಅಪ್ಪ ಯಾರು ಅಂತ ಹೇಳಮ್ಮ" ಎಂದರು. ನಾನು ಹೇಳಲಿಲ್ಲ. ಪೂಜೆಯೂ ಆಗಲಿಲ್ಲ. ಇಷ್ಟು ವರ್ಷಗಳಲ್ಲಿ ಯಾವ ಚರ್ಚಿನಲ್ಲೂ ಯಾರೂ ಅವನ ಹೆಸರು ಎತ್ತಿಲ್ಲ, ರೊವೀನಾ. ಬದುಕಿರುವ ನನಗೆ ಮಾತ್ರ ವರ್ಷಕ್ಕೊಮ್ಮೆ ಹೂವು, ಮೈಕು, ನಿನ್ನ ಕಣ್ಣೀರು.

ಬರುವ ಶನಿವಾರ ನಮ್ಮ ವರ್ಷದವರ ಬೆಳ್ಳಿಹಬ್ಬ, ಎಲ್ಲದಕ್ಕೂ ನೀನೇ ಯಜಮಾನಿ. ನೀಲಿ ಗೌನು ತೊಟ್ಟು ವೇದಿಕೆಯ ಮೇಲೆ ಕುಣಿಯುತ್ತೀರಂತೆ. ಕುಣಿಯಿರಿ, ಮೊಣಕಾಲು ಜೋಪಾನ. ನಾನು ಕೇಳುವುದು ಒಂದೇ. ಅಂದಿನ ಪೂಜೆಯಲ್ಲಿ ಓದುವ ಪಟ್ಟಿಯಿಂದ ನನ್ನ ಹೆಸರು ತೆಗೆದುಹಾಕು, ಆ ಜಾಗದಲ್ಲಿ ಅನ್ಸೆಲ್ಮೊ ಎಂದು ಓದು. ಯಾರವನು ಎಂದು ಯಾರಾದರೂ ಕೇಳಿದರೆ ಕ್ರಿಸಾಂತಾಳ ಮಗ ಎನ್ನು. ನನ್ನ ವಿಷಯ ಬಾಯಿಬಿಟ್ಟು ಹೇಳುವುದು ನಿನಗೇನೂ ಹೊಸದಲ್ಲ.

ನಾನು ಚರ್ಚಿನ ಕೊನೆಯ ಬೆಂಚಿನಲ್ಲಿ, ತಲೆಗೆ ಬಟ್ಟೆ ಹೊದ್ದು ಕೂತಿರುತ್ತೇನೆ. ಅವನ ಹೆಸರು ಕೇಳಿಸಿದರೆ ಮಂಡಿಯೂರಿ, ಅಳುವಷ್ಟು ಅತ್ತು, ಯಾರಿಗೂ ಮುಖ ತೋರಿಸದೆ ಹಡಗು ಹತ್ತುತ್ತೇನೆ. ನನ್ನ ಹೆಸರು ಕೇಳಿಸಿದರೆ ಎದ್ದು ನಿಲ್ಲುತ್ತೇನೆ.

ಆ ಹೊತ್ತಿಗೆ ದೇವರು ನಿನ್ನ ಗಂಟಲು ಕಟ್ಟದಿರಲಿ.

ಇನ್ನೂ ಉಸಿರಾಡುತ್ತಿರುವ,
ಕ್ರಿಸಾಂತಾ