ಹಿರೇಕೆರೂರಿಗೆ ಹೋದ ಬಾಡಿಗೆ ಮೋಟಾರು

ಶಿಗ್ಗಾಂವ
ತಾ. ೨೩-೧೧-೧೯೫೮

ಪ್ರೀತಿಯ ಗೆಳತಿ ಮಾದೇವಿಗೆ,

ನೀನೂ ಮಕ್ಕಳೂ ಆರಾಮವಾಗಿದ್ದೀರೆಂದು ನಂಬಿದ್ದೇನೆ. ಮೋಟಾರಿನಲ್ಲಿ ಸವಣೂರಿಗೆ ಬರುತ್ತೇನೆಂದು ಬರೆದು ನಿನ್ನನ್ನು ಬಾಗಿಲಲ್ಲಿ ಕಾಯಿಸಿದೆ. ಬರಲಿಲ್ಲ, ಯಾಕೆಂದು ತಿಳಿಸಲೂ ಇಲ್ಲ. ಸಿಟ್ಟಾಗಬೇಡ.

ಅಣ್ಣ ಉಳಿವೆಪ್ಪ ಮುಂಬಯಿ ಗಿರಣಿಯಿಂದ ದೀಪಾವಳಿಯ ರಜೆಗೆ ಬಂದಿದ್ದ. ಅಪ್ಪ ತೀರಿಕೊಂಡ ಮೇಲೆ ನಾನು ಊರು ಬಿಟ್ಟು ಎಲ್ಲಿಗೂ ಹೋಗಿಲ್ಲವೆಂದು ಹುಸೇನಸಾಬರ ಮೋಟಾರನ್ನು ಬಾಡಿಗೆಗೆ ಗೊತ್ತುಮಾಡಿದ. ಮೊದಲ ದಿನ ಹಾನಗಲ್ಲು, ಹಿರೇಕೆರೂರು. ಮರುದಿನ ನಿಮ್ಮ ಸವಣೂರು. ಅವ್ವ ನನ್ನ ಹೆರಳಿಗೆ ಸೇವಂತಿಗೆ ಮುಡಿಸಿದಳು. ನಾನು ಕಿಟಕಿಯ ಕಡೆ ಕುಳಿತೆ. ಧೂಳಿಗೆ ಅವ್ವ ಕೆಮ್ಮುತ್ತಿದ್ದರೂ ಗಾಜು ಏರಿಸಗೊಡಲಿಲ್ಲ. ಹಾನಗಲ್ಲಿನ ತಾರಕೇಶ್ವರನ ಗುಡಿಯಲ್ಲಿ ಕಲ್ಲಿನ ಕಮಲ ಅರಳಿದ ಛತ್ತನ್ನು ನೋಡುತ್ತ ನಿಂತುಬಿಟ್ಟೆ. ಅಣ್ಣನೇ ಅವಸರ ಮಾಡಿ ಹೊರಡಿಸಿದ.

ಹಿರೇಕೆರೂರಿನಲ್ಲಿ ಅವನ ಗುರುತಿನ ಅರಳೆ ವ್ಯಾಪಾರಿ ನೀಲಪ್ಪನವರ ಮನೆಯಲ್ಲಿ ಊಟಕ್ಕೆ ಇಳಿದೆವು. ನಲವತ್ತು ದಾಟಿದ ಮನುಷ್ಯ. ಅವರ ತಾಯಿ ನನ್ನನ್ನು ಎದುರಿಗೆ ಕೂರಿಸಿಕೊಂಡು ವಯಸ್ಸು, ಓದು, ಅಡಿಗೆ ಎಲ್ಲ ಕೇಳಿದರು. ಅಕ್ಕರೆಯೆಂದುಕೊಂಡೆ. ನೀರಿಗೆಂದು ಒಳಗೆ ಹೋದರೆ ಒಲೆಯ ಮುಂದೆ ನೀಲಪ್ಪನವರ ಹೆಂಡತಿ ಅಡಿವೆವ್ವ ಕುಳಿತಿದ್ದರು. ಅವರಿಗೆ ಮಕ್ಕಳಾಗಿಲ್ಲ. ನನ್ನ ಕೈ ಹಿಡಿದು ಮೆಲ್ಲಗೆ ಹೇಳಿದರು:

"ತಂಗಿ, ನೀನರ ಒಲ್ಲೆ ಅನ್ನು. ನನ್ನ ಮಾತು ಈ ಮನ್ಯಾಗ ಯಾರೂ ಕೇಳೂದಿಲ್ಲ."

"ಏನಕ್ಕ ಒಲ್ಲೆ ಅನ್ನಲ್ರಿ?"

"ನಿನ್ನ ನೋಡಾಕ ಕರಿಸ್ಯಾರವ್ವ. ಇವರು ಇನ್ನೊಂದು ಲಗ್ನಾ ಮಾಡ್ಕೊತಾರ."

ಮೋಟಾರು ಊರು ದಾಟಿದ ಮೇಲೆ ಅಣ್ಣನಿಗೆ ಒಲ್ಲೆನೆಂದೆ. ಮುಂದಿನ ಸೀಟಿನಲ್ಲಿದ್ದವನು ಹಿಂದಕ್ಕೆ ತಿರುಗಲಿಲ್ಲ. "ಮಾತು ಕೊಟ್ಟೇನಿ ಕರೆವ್ವ. ಎಷ್ಟು ಮಂದಿ ನೋಡಿ ಹೋದ್ರು, ನಿನಗ ಗೊತ್ತಿಲ್ಲನು?" ಎಂದ. ನನ್ನನ್ನು ಇಲ್ಲೇ ಇಳಿಸಿರೆಂದು ಹುಸೇನಸಾಬರಿಗೆ ಹೇಳಿದೆ. ಅವರು ನಿಧಾನ ಮಾಡಿ ಅಣ್ಣನ ಮುಖ ನೋಡಿದರು. ಅವನು ನಡೆಯಿರಿ ಎಂದ. ಇಳಿದಿದ್ದರೂ ಆ ಜೋಳದ ಹೊಲಗಳ ನಡುವೆ ಎಲ್ಲಿಗೆ ಹೋಗುತ್ತಿದ್ದೆ? ಸವಣೂರಿನ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ.

ಬರುವ ತಿಂಗಳು ಲಗ್ನ, ಅವರ ಮನೆಯಲ್ಲೇ, ವಾಲಗವಿಲ್ಲದೆ. ಎರಡನೆಯ ಲಗ್ನಕ್ಕೆ ಕಾಯ್ದೆ ಒಪ್ಪುವುದಿಲ್ಲವೆಂದು ಹೇಳಿನೋಡಿದೆ. ಕೇಳುವವರು ಯಾರೆಂದು ಅಣ್ಣನೇ ನನ್ನನ್ನು ಕೇಳಿದ. ಅಡಿವೆವ್ವ ನನ್ನಲ್ಲಿ ಬೇಡಿದ್ದು ಒಂದೇ ಮಾತು. ಆ ಮಾತನ್ನು ಆಡಿದೆ, ಮಾದೇವಿ. ಏನೂ ಆಗಲಿಲ್ಲ. ಇನ್ನು ಅದೇ ಒಲೆಯ ಮುಂದೆ ಅವರ ಪಕ್ಕದಲ್ಲಿ ಹೇಗೆ ಕುಳಿತುಕೊಳ್ಳಲಿ?

ಮಕ್ಕಳು ನೂರು ವರ್ಷ ಬಾಳಲಿ. ದೊಡ್ಡವಳನ್ನು ಶಾಲೆ ಬಿಡಿಸಬೇಡ.

ನಿನ್ನ,
ಕರೆವ್ವ

ತಾ.ಕ.: ಹಿರೇಕೆರೂರಿನಿಂದ ಬರುವಾಗ ಅವ್ವ ಅಳುತ್ತಿದ್ದಳು. ಅವಳಿಗೂ ನನ್ನಂತೆ ಅಲ್ಲಿಗೆ ಹೋದ ಮೇಲೆಯೇ ತಿಳಿಯಿತೆಂದುಕೊಂಡು ಹಾದಿಯುದ್ದಕ್ಕೂ ನಾನೇ ಅವಳನ್ನು ಸಮಾಧಾನ ಮಾಡಿದೆ. ನಿನ್ನೆ ಅವಳೇ ಬಾಯಿಬಿಟ್ಟಳು: "ನನಗ ಮೊದಲ ಗೊತ್ತಿತ್ತವ್ವ. ಹೇಳಿದ್ರ ನೀ ಮೋಟಾರ ಹತ್ತತಿದ್ದಿಲ್ಲ."